ನಾಯಿಯ ಒಣ ಆಹಾರ, ಕಾರವಾರದ ಹವೆಯಲ್ಲಿ: ಕೆಲಸದ ಟಿಪ್ಪಣಿ

ಮೇ, ಮೊದಲ ವಾರ

ನಮ್ಮ ನಾಯಿಗಳಿಗೆ ಒಣ ಆಹಾರವನ್ನು ಮನೆಯಲ್ಲೇ ಮಾಡಲು ಉಪ್ಪು ಹಾಕದ ಒಣ ತಾರ್ಲೆ (ಬೂತಾಯಿ ಮೀನು) ಸಿಕ್ಕಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಬೈತಖೋಲ ಬಂದರು ಬರಿದಾಗುವ ಮೊದಲೇ ಮೀನು ಕೂಡಿಡಬೇಕಿತ್ತು. ನಮ್ಮಲ್ಲಿ ಒಣಮೀನು ಎಂದರೆ ಬಹುಪಾಲು ಉಪ್ಪುಮೀನೇ. ಅಷ್ಟು ಉಪ್ಪು ನಾಯಿಗೆ ಸಲ್ಲದು. ರವಿವಾರದ ಸಂತೆಯಲ್ಲಿ ವಿಚಾರಿಸಿದಾಗ ಮೀನು ಮಾರುವ ಅಕ್ಕ, "ಉಪ್ಪಿಲ್ಲದ್ದು ಯಾಕೆ ತಮ್ಮಾ, ತೆಂಗಿನ ಬುಡಕ್ಕೋ?" ಎಂದು ಕೇಳಿದರು. ನಾಯಿಯ ಆಹಾರಕ್ಕೆ ಎಂದೆ. "ಹಾಗಾದರೆ ಮರಳಿನ ಮೇಲೆ ಒಣಗಿಸಿದ್ದು ಬೇಡ. ಬಲೆಯ ಮೇಲೆ ಹರವಿದ್ದು ತರಿಸಿ ಕೊಡುತ್ತೇನೆ" ಎಂದರು. ಅವರು ತರಿಸಿಕೊಟ್ಟ ಮೀನಿನ ಪುಡಿಯಲ್ಲಿ ಒಂದು ಕಣ ಮರಳೂ ಇಲ್ಲ.

ನೂರು ಭಾಗದಲ್ಲಿ ನುಚ್ಚಕ್ಕಿಯ ಹಿಟ್ಟು 50, ಮುಳ್ಳು ಸಮೇತ ಬೀಸಿದ ಮೀನಿನ ಪುಡಿ 30, ಎಣ್ಣೆ ತೆಗೆದ ಸೋಯಾ ಹಿಟ್ಟು 10. ಉಳಿದದ್ದು ಎಣ್ಣೆ ಮತ್ತು ಪಶುವೈದ್ಯರು ಸೂಚಿಸಿದ ವಿಟಮಿನ್, ಖನಿಜಗಳ ಮಿಶ್ರಣ. ಪ್ರೋಟೀನ್ ಸುಮಾರು ಶೇ 25 ಬರುತ್ತದೆ. ಅಮೆರಿಕದಲ್ಲಿ ಪಾಲಿಸುವ ಆಫ್ಕೋ ಮಾನದಂಡದ ಪ್ರಕಾರ ಬೆಳೆದ ನಾಯಿಗೆ ಒಣ ತೂಕದ ಕನಿಷ್ಠ ಶೇ 18 ಸಾಕು. ಬೆಕ್ಕಿಗೆ ಶೇ 26 ಬೇಕು, ಜೊತೆಗೆ ಟಾರಿನ್ ಎಂಬ ಪೋಷಕಾಂಶ ಕೂಡ ಬೇಕು. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ. ಆದ್ದರಿಂದ ಇದು ನಾಯಿಗಳಿಗೆ ಮಾತ್ರ. ಶೇಂಗಾ ಹಿಂಡಿ ಅಗ್ಗ, ಆದರೂ ಕೈಬಿಟ್ಟೆ. ತೇವದ ಹವೆಯಲ್ಲಿ ಅದಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತಿಗೆ ವಿಷ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಮೇ, ಕೊನೆಯ ವಾರ

ಕಾರ್ಖಾನೆಯ ಕ್ರಮವನ್ನು ಮತ್ತೆ ಮತ್ತೆ ಓದಿದ್ದೇನೆ. ಪದಾರ್ಥಗಳನ್ನೆಲ್ಲ ನುಣ್ಣಗೆ ಬೀಸಿ, ಹಬೆ ಮತ್ತು ನೀರು ಬೆರೆಸಿ ತೇವಾಂಶವನ್ನು ಶೇ 20ರಿಂದ 30ಕ್ಕೆ ತರುತ್ತಾರೆ. ಆ ಹಿಟ್ಟು ಎಕ್ಸ್‌ಟ್ರೂಡರ್ ಎಂಬ ಯಂತ್ರದ ಕೊಳವೆಯೊಳಗೆ ಹೋಗುತ್ತದೆ. ಅಲ್ಲಿ ತಿರುಗುವ ಸ್ಕ್ರೂ ಅದನ್ನು ಒತ್ತಿ ಉಜ್ಜುತ್ತ ಮುಂದೆ ತಳ್ಳುತ್ತದೆ. ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಒತ್ತಡದಿಂದಾಗಿ ನೀರು ಆವಿಯಾಗಲಾರದು. ಕೊನೆಯ ಅಚ್ಚಿನ ತೂತಿನಿಂದ ಹೊರಬಿದ್ದ ಕ್ಷಣವೇ ಒತ್ತಡ ಇಳಿದು ನೀರು ಆವಿಯಾಗಿ ಸಿಡಿಯುತ್ತದೆ, ಭತ್ತ ಅರಳಾಗುವ ಹಾಗೆ ಹಿಟ್ಟು ಉಬ್ಬುತ್ತದೆ. ಅಚ್ಚಿನ ಮುಂದೆ ತಿರುಗುವ ಕತ್ತಿ ಅದನ್ನು ಕಾಳುಗಳಾಗಿ ಕತ್ತರಿಸುತ್ತದೆ. ಅಮೆರಿಕದ ಪ್ಯೂರಿನಾ ಕಂಪನಿ ಈ ವಿಧಾನದ ನಾಯಿ ಆಹಾರವನ್ನು 1957ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು ಒಣ ಆಹಾರವೆಂದರೆ ಹೆಚ್ಚಾಗಿ ಒಲೆಯಲ್ಲಿ ಸುಟ್ಟ ಬಿಸ್ಕತ್ತುಗಳೇ.

ನನ್ನ ಬಳಿ ಆ ಯಂತ್ರವಿಲ್ಲ. ನಾದಿದ ಹಿಟ್ಟನ್ನು ಇಡ್ಲಿ ಪಾತ್ರೆಯಲ್ಲಿ ಒಳಗೂ ಪೂರ್ತಿ ಬೇಯುವವರೆಗೆ ಹಬೆಯಲ್ಲಿಡುತ್ತೇನೆ. ಅಕ್ಕಿಯ ಪಿಷ್ಟ ಬೆಂದು ಅಂಟಾಗಬೇಕು, ಇಲ್ಲದಿದ್ದರೆ ಕಾಳು ಪುಡಿಯಾಗುತ್ತದೆ, ನಾಯಿಗೂ ಸರಿಯಾಗಿ ಜೀರ್ಣವಾಗುವುದಿಲ್ಲ. ಬಳಿಕ ಮೋಟಾರು ಜೋಡಿಸಿದ ಮಾಂಸ ಕೊಚ್ಚುವ ಯಂತ್ರದಿಂದ ಒತ್ತಿ ಕತ್ತರಿಸುತ್ತೇನೆ. ಉಬ್ಬುವುದಿಲ್ಲ. ಲೀಟರ್ ಡಬ್ಬಿಗೆ ಅಂಗಡಿಯ ಕಾಳು 380 ಗ್ರಾಂ ಹಿಡಿದರೆ ನನ್ನದು 600 ದಾಟುತ್ತದೆ. ಆದರೂ ಗಟ್ಟಿ ಕಾಳನ್ನು ನಮ್ಮ ನಾಯಿಗಳು ಕಟಕಟ ಅಗಿದು ತಿನ್ನುವುದನ್ನು ನೋಡಿದರೆ ತೃಪ್ತಿಯಾಗುತ್ತದೆ.

ಜೂನ್

ಮಳೆ ಹಿಡಿಯಿತು. ನಿಜವಾದ ಕೆಲಸ ಇಲ್ಲಿಂದ ಶುರು. ನನ್ನ ಮಟ್ಟಿಗೆ ಈ ಆಹಾರದಲ್ಲಿ ಪದಾರ್ಥಗಳ ಪಟ್ಟಿಗಿಂತ ನೀರಿನ ಲೆಕ್ಕವೇ ದೊಡ್ಡದು. ಬೇಯಿಸಲು ಹಾಕಿದ ನೀರನ್ನೆಲ್ಲ ಹೊರತೆಗೆದು ತೇವಾಂಶವನ್ನು ಶೇ 10ಕ್ಕಿಂತ ಕೆಳಗೆ ಇಳಿಸಬೇಕು.

ಶಿರಸಿಯ ಗೆಳೆಯನ ಮನೆಯಲ್ಲಿ ಒಳ್ಳೆಯ ಅಡಿಕೆ ಡ್ರೈಯರ್ ಇದೆ, ಈ ತಿಂಗಳಲ್ಲಿ ಖಾಲಿಯೂ ಇರುತ್ತದೆ. ಆದರೆ ಅಡಿಕೆಗೆ ಮೀನಿನ ವಾಸನೆ ಹತ್ತಿದರೆ ಧಾರಣೆಗೆ ಪೆಟ್ಟು, ಮೇಲಾಗಿ ಅವರದು ಮೀನು ಮುಟ್ಟದ ಮನೆ. ಹಾಗಾಗಿ ಅಳತೆಗಳನ್ನು ಮಾತ್ರ ಬರೆದುಕೊಂಡು ಬಂದು ಇಲ್ಲಿ ಚಿಕ್ಕದೊಂದನ್ನು ಕಟ್ಟಿಸಿದೆ: ಕೆಳಗೆ ಹೀಟರ್ ಮತ್ತು ಫ್ಯಾನು, ಮೇಲೆ ಜಾಲರಿಯ ತಟ್ಟೆಗಳು.

ಹೊರಗೆ ಜಡಿಮಳೆ ಸುರಿಯುವಾಗ ಒಣಗಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. 28 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ 14ಕ್ಕೆ ಇಳಿಯುತ್ತದೆ. ಅಷ್ಟು ಒಣ ಗಾಳಿ ಧಾರಾಳವಾಯಿತು. ಅವಸರ ಮಾತ್ರ ಕೂಡದು. ಆರಂಭದಲ್ಲೇ ಬಿಸಿ ಜೋರಾದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಹದಿನೈದು ದಿನಗಳಲ್ಲಿ ಒಳಗಿಂದಲೇ ಬೂಸ್ಟು ಬರುತ್ತದೆ. ಮೊದಲು 50 ಡಿಗ್ರಿ, ಆಮೇಲೆ 65. ನಂತರ ರಾತ್ರಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ತೇವ ಹೊರಪದರಕ್ಕೆ ಹರಡುತ್ತದೆ. ಬೆಳಗ್ಗೆ ಮತ್ತೊಮ್ಮೆ ಒಣಗಿಸುತ್ತೇನೆ.

ಜುಲೈ

ಕಾಳು ಕೆಡುವುದೋ ಇಲ್ಲವೋ ಎಂಬುದನ್ನು ತೇವಾಂಶದ ಪ್ರಮಾಣಕ್ಕಿಂತ ಚೆನ್ನಾಗಿ ಹೇಳುವುದು ನೀರಿನ ಚಟುವಟಿಕೆ, ಅಂದರೆ ಆ ನೀರು ಬೂಸ್ಟಿಗೆ ಎಷ್ಟು ಒದಗುತ್ತದೆ ಎಂಬ ಅಳತೆ. ಒಣ ಆಹಾರದಲ್ಲಿ ಅದು 0.65ಕ್ಕಿಂತ ಕೆಳಗಿರಬೇಕು. ಪ್ರಯೋಗಾಲಯದ ಉಪಕರಣ ದುಬಾರಿ. ಆದರೆ ಗಾಜಿನ ಭರಣಿಯ ತುಂಬ ಕಾಳು ಹಾಕಿ, ಜೊತೆಗೆ ಸಣ್ಣ ಡಿಜಿಟಲ್ ಆರ್ದ್ರತಾ ಮಾಪಕವಿಟ್ಟು ಬಿಗಿಯಾಗಿ ಮುಚ್ಚಿದರೆ, ಒಂದು ದಿನದ ನಂತರ ಮಾಪಕ ತೋರಿಸುವ ಅಂಕಿಯನ್ನು ನೂರರಿಂದ ಭಾಗಿಸಿದರೆ ಸಾಕು, ಅದೇ ಉತ್ತರ. ಈ ಉಪಾಯ ನನಗೆ ಬಹಳ ಮೆಚ್ಚುಗೆಯಾಯಿತು.

ಒಣಗಿಸಿದ ಮೇಲೆ ಭರಣಿ 52 ತೋರಿಸಿತು. ಅದೇ ಕಾಳನ್ನು ಜಗಲಿಯ ಮೇಲೆ ರಾತ್ರಿಯಿಡೀ ತೆರೆದಿಟ್ಟು ಮತ್ತೆ ಭರಣಿಗೆ ತುಂಬಿದಾಗ ಅಂಕಿ 70ರ ಹತ್ತಿರ ಬಂತು. ಕರಾವಳಿಯಲ್ಲಿ ಡಾಗ್‌ಫುಡ್ ಚೀಲದ ಬಾಯಿ ತೆರೆದಿಡುವವರು ದಯವಿಟ್ಟು ಇದನ್ನು ಗಮನಿಸಬೇಕು. ಈಗ ಹಪ್ಪಳ ತುಂಬಿಡುವ ತಗಡಿನ ಡಬ್ಬಿಗಳಲ್ಲಿ, ಒಂದು ವಾರಕ್ಕೆ ಬೇಕಾದಷ್ಟನ್ನೇ ಬೇರೆ ಬೇರೆ ಇಡುತ್ತಿದ್ದೇನೆ.

ಎಣ್ಣೆ ಸವರುವುದು ಒಣಗಿಸಿದ ಮೇಲೆಯೇ. ಕಾರ್ಖಾನೆಯಲ್ಲೂ ಹಾಗೆಯೇ ಮಾಡುತ್ತಾರೆ. ಹಿಟ್ಟಿಗೇ ಹೆಚ್ಚು ಕೊಬ್ಬು ಬೆರೆಸಿದರೆ ಅದು ಕೊಳವೆಯಲ್ಲಿ ಜಾರಿ, ಉಜ್ಜಾಟ ಕಡಿಮೆಯಾಗಿ ಕಾಳು ಉಬ್ಬುವುದಿಲ್ಲ. ನನ್ನ ತೊಂದರೆ ಬೇರೆ: ಕಾಳಿನಲ್ಲಿ ರಂಧ್ರಗಳಿಲ್ಲ, ಎಣ್ಣೆ ಮೇಲೆಯೇ ನಿಂತು ಗಾಳಿ ತಗುಲಿ ಕಮಟು ಹಿಡಿಯುತ್ತದೆ. ತಾರ್ಲೆಯ ಕೊಬ್ಬಂತೂ ಇನ್ನೂ ಬೇಗ ಕೆಡುತ್ತದೆ. ಸದ್ಯಕ್ಕೆ ವಿಟಮಿನ್ ಇ ಬೆರೆಸಿದ ಎಣ್ಣೆಯನ್ನು ಬಡಿಸುವಾಗಲೇ ಹಾಕುತ್ತೇನೆ.

ಆಗಸ್ಟ್‌ನಲ್ಲಿ ತಾಜಾ ತಾರ್ಲೆ ಬಂದ ಕೂಡಲೇ ಮೀನುಪುಡಿ ಕಾರ್ಖಾನೆಗಳ ಕ್ರಮವನ್ನೇ ಅನುಸರಿಸಲಿದ್ದೇನೆ: ಮೀನು ಬೇಯಿಸಿ, ಹಿಂಡಿ, ಎಣ್ಣೆಯನ್ನು ಬೇರ್ಪಡಿಸಿ, ಉಳಿದ ಹಿಂಡಿಯನ್ನು ಇದೇ ಡ್ರೈಯರ್‌ನಲ್ಲಿ ಒಣಗಿಸುವುದು. ಹಿಂಡಲು ಹಳೆಯ ಸ್ಕ್ರೂ ಜ್ಯಾಕ್ ಸಿಕ್ಕಿದೆ. ತೂತಿನ ಸ್ಟೀಲ್ ಪಾತ್ರೆ ಇನ್ನೂ ಬೆಸುಗೆ ಅಂಗಡಿಯಲ್ಲಿದೆ.