ಹದಿನಾರಾಣೆ ಹಿಡಿಯುವ ಮಣಿಚೌಕಟ್ಟು: ಮೂರನೆಯ ತಿಂಗಳ ಟಿಪ್ಪಣಿ

ನಾನು ಜೋಡಿಸುತ್ತಿರುವ ಚೀನೀ ಮಾದರಿಯ ಅಬ್ಯಾಕಸ್ (ಮಣಿ ಸರಿಸಿ ಲೆಕ್ಕ ಹಾಕುವ ಚೌಕಟ್ಟು), ಅಂದರೆ ಸುವಾನ್‌ಪಾನ್, ಈ ತಿಂಗಳು ಕೊನೆಗೂ ಲೆಕ್ಕ ಹಾಕುವ ಸ್ಥಿತಿಗೆ ಬಂದಿದೆ. ಹದಿಮೂರು ಕಡ್ಡಿಗಳು, ಕಡ್ಡಿಗೆ ಏಳರಂತೆ 91 ಮಣಿಗಳು. ಅಡ್ಡಪಟ್ಟಿಯ ಮೇಲೆ ಎರಡು, ಕೆಳಗೆ ಐದು. ಮಣಿಗಳನ್ನು ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿ ಕೊಟ್ಟಿದ್ದರು. ಕಡ್ಡಿಗಳ ಕೆಲಸ ಮಾತ್ರ ನನ್ನದು, ತಪ್ಪಾದದ್ದೂ ಅಲ್ಲಿಯೇ: ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಮಣಿಗಳು ಮಳೆ ಹಿಡಿದೊಡನೆ ಬಿದಿರು ಉಬ್ಬಿದ್ದರಿಂದ ನಡುದಾರಿಯಲ್ಲೇ ಸಿಕ್ಕಿಕೊಂಡವು. ಎಲ್ಲ ಕಡ್ಡಿಗಳನ್ನೂ ಬಿಚ್ಚಿ, ಉಜ್ಜುಕಾಗದದಿಂದ ತೆಳುವಾಗಿಸಿ, ಮೇಣ ಸವರಿ ಮತ್ತೆ ಜೋಡಿಸುವುದರಲ್ಲಿ ಎರಡು ಭಾನುವಾರಗಳು ಹೋದವು.

ಅಬ್ಯಾಕಸ್ ತರಗತಿಗೆ ಹೋಗುವ ನನ್ನ ಅಕ್ಕನ ಮಗಳು ಇದನ್ನು ನೋಡಿದ ಕೂಡಲೇ, 'ಕಡ್ಡಿಗೆ ಎರಡೆರಡು ಮಣಿ ಹೆಚ್ಚಾಗಿವೆ' ಎಂದಳು. ಅವಳ ಕೈಯಲ್ಲಿರುವುದು ಜಪಾನಿನ ಸೊರೊಬಾನ್. ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ಒಂದರ ಬೆಲೆಯ ನಾಲ್ಕು. ಒಂಬತ್ತರವರೆಗೆ ಎಣಿಸಲು ಅಷ್ಟೇ ಸಾಕು. ಸುವಾನ್‌ಪಾನಿನ ಕಡ್ಡಿಯೋ ಅವೇ ಬೆಲೆಗಳಲ್ಲಿ ಹದಿನೈದರವರೆಗೆ ಹಿಡಿಯುತ್ತದೆ. ಚೀನಾದಲ್ಲಿ ಹಿಂದೆ ಒಂದು ಜಿನ್ ತೂಕಕ್ಕೆ ಹದಿನಾರು ಲಿಯಾಂಗ್ ಇದ್ದುದರಿಂದ ಈ ಏರ್ಪಾಡು ತಕ್ಕಡಿಯ ಲೆಕ್ಕಕ್ಕೆ ಒದಗುತ್ತಿತ್ತು. ಗುಣಾಕಾರ, ಭಾಗಾಕಾರಗಳ ನಡುವೆ ಹತ್ತನ್ನು ಮೀರಿದ ಅಂಕಿಯನ್ನು ಸ್ವಲ್ಪ ಹೊತ್ತು ಅದೇ ಕಡ್ಡಿಯಲ್ಲಿ ನಿಲ್ಲಿಸಿಕೊಳ್ಳಲೂ ಹೆಚ್ಚುವರಿ ಮಣಿಗಳು ಬೇಕು.

ಹದಿನಾರು ಎಂದೊಡನೆ ನನಗೆ ನೆನಪಾದದ್ದು ಆಣೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದವಷ್ಟೆ. ಅಜ್ಜನ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ಅಟ್ಟದ ಮೇಲಿತ್ತು. ಅದರಿಂದ ಮೊದಲು ಎತ್ತಿಕೊಂಡದ್ದು 3 ರೂಪಾಯಿ 11 ಆಣೆ 8 ಪೈಗೆ 2 ರೂಪಾಯಿ 9 ಆಣೆ 7 ಪೈ ಕೂಡುವ ಲೆಕ್ಕ. ಪೈ ಕಡ್ಡಿಯಲ್ಲಿ ಎಂಟಕ್ಕೆ ಏಳು ಸೇರಿಸಿದಾಗ ಏಳೂ ಮಣಿಗಳು ಅಡ್ಡಪಟ್ಟಿಗೆ ಒತ್ತಿ ನಿಂತವು. ಹದಿನೈದು, ಕಡ್ಡಿ ಭರ್ತಿ. ಅದರಿಂದ ಹನ್ನೆರಡನ್ನು ಇಳಿಸಿ ಆಣೆಯ ಕಡ್ಡಿಗೆ ಒಂದನ್ನು ಏರಿಸಿದೆ. ಅಲ್ಲಿದ್ದ ಹನ್ನೊಂದು ಹನ್ನೆರಡಾಯಿತು. ಇನ್ನು ಒಂಬತ್ತು ಕೂಡಲು ಜಾಗವಿಲ್ಲವಾದ್ದರಿಂದ ರೂಪಾಯಿಗೆ ಒಂದನ್ನು ದಾಟಿಸಿ, ಹದಿನಾರರಲ್ಲಿ ಒಂಬತ್ತು ಕಳೆದು ಉಳಿಯುವ ಏಳನ್ನು ಆಣೆಯಿಂದ ತೆಗೆದೆ. ಮೇಲಿನ ಒಂದೇ ಮಣಿ ಐದಾಗಿ ಉಳಿಯಿತು. ಉತ್ತರ 6 ರೂಪಾಯಿ 5 ಆಣೆ 3 ಪೈ. ಇದೇ ಲೆಕ್ಕ ಸೊರೊಬಾನಿನಲ್ಲಿ ಆಗದೆಂದಲ್ಲ, ಆದರೆ ಹನ್ನೊಂದು ಆಣೆ ಇಡುವುದಕ್ಕೇ ಎರಡು ಕಡ್ಡಿಗಳು ಬೇಕಾಗುತ್ತವೆ.

ನಾಣ್ಯಕ್ಕೆ ತಕ್ಕಂತೆ ಮಣಿ ಪೋಣಿಸುವುದು ಚೀನಾಕ್ಕಷ್ಟೇ ಸೀಮಿತವಲ್ಲ. ರಷ್ಯಾದ ಮಣಿಚೌಕಟ್ಟಾದ ಸ್ಚೋತಿಯಲ್ಲಿ ತಂತಿಗೆ ಹತ್ತು ಮಣಿಗಳಿದ್ದರೂ ನಾಣ್ಯದ ಕಾಲು ಭಾಗದ ಲೆಕ್ಕಕ್ಕಾಗಿ ನಾಲ್ಕೇ ಮಣಿಗಳ ತಂತಿಯೊಂದು ಇರುತ್ತಿತ್ತು.

ಪುಸ್ತಕದ ಇಡೀ ಪುಟವೊಂದನ್ನು ಕೂಡಿದಾಗ ನನ್ನ ಮೊತ್ತಕ್ಕೂ ಅಜ್ಜನ ಮೊತ್ತಕ್ಕೂ ಐದು ಆಣೆಯ ವ್ಯತ್ಯಾಸ ಬಂತು. ಅಜ್ಜನ ತಪ್ಪು ಹಿಡಿದೆನೆಂಬ ಸಂಭ್ರಮ ಎರಡನೆಯ ಸಲ ಕೂಡುವವರೆಗೆ ಮಾತ್ರ ಉಳಿಯಿತು. ಪುಟ ತಿರುವುವಾಗ ಚೌಕಟ್ಟಿಗೆ ಮೊಣಕೈ ತಾಗಿ, ಅರಗಿನ ನುಣುಪಿಗೆ ಆಣೆಯ ಕಡ್ಡಿಯ ಮೇಲ್ಮಣಿಯೊಂದು ಸದ್ದಿಲ್ಲದೆ ಜಾರಿತ್ತು. ಅಂಧರ ಬಳಕೆಗೆಂದು ಅಮೆರಿಕದ ಟಿಮ್ ಕ್ರಾನ್ಮರ್ 1962ರಲ್ಲಿ ಸೊರೊಬಾನನ್ನು ಮಾರ್ಪಡಿಸಿದಾಗ, ಬೆರಳಾಡಿಸಿ ಓದುವಾಗ ಮಣಿಗಳು ಕದಲಬಾರದೆಂದು ಅವುಗಳ ಅಡಿಗೆ ಫೆಲ್ಟ್ ಬಟ್ಟೆ ಹಾಸಿದ್ದರು. ಅದೇ ಉಪಾಯವನ್ನು ಇಲ್ಲಿಯೂ ಮಾಡಲು ಅರ್ಧ ಮೀಟರ್ ಫೆಲ್ಟ್ ತಂದಿಟ್ಟಿದ್ದೇನೆ. ಹಿಂಬದಿಗೆ ಹಲಗೆ ಕೂರಿಸಿ ಅದನ್ನು ಅಂಟಿಸಿದ ಮೇಲೆ ಆ ಪುಟವನ್ನು ಮೂರನೆಯ ಸಲ ಕೂಡಬೇಕು.