ಚಿಗರಿ ಹಿಂಡಿಗೆ ಹೈಡ್: ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಕೆಲಸ

ಬೀದರ್ ಜಿಲ್ಲೆಯಲ್ಲಿ ಈಗ ನಮ್ಮ ಎರಡು ಹೈಡ್, ಅಂದರೆ ಚಿಗರಿಯ (ಕೃಷ್ಣಮೃಗದ) ಫೋಟೊ ತೆಗೆಯಲು ಅಡಗಿ ಕೂರುವ ಮರೆ, ನಿಂತಿವೆ. ಒಂದು ದಿಬ್ಬದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ, ಇನ್ನೊಂದು ತಗ್ಗಿನ ಎರೆ (ಕಪ್ಪು ಮಣ್ಣಿನ) ಹೊಲದ ಒಡ್ಡಿನ ಪಕ್ಕ. ಊರಿನ ಹೆಸರು ಬರೆಯುತ್ತಿಲ್ಲ, ಫೋಟೊಗಳಿಂದ ಜಿಪಿಎಸ್ ಗುರುತನ್ನೂ ತೆಗೆದೇ ಹಾಕುತ್ತೇವೆ. ಹಿಂಡು ಎಲ್ಲಿದೆ ಎಂದು ಗೊತ್ತಾದರೆ ಮರುವಾರವೇ ನಾಲ್ಕು ಜೀಪು ಬಂದು ನಿಲ್ಲುತ್ತವೆ.

ಈ ಕೆಲಸದಲ್ಲಿ ಕೋವಿಯೊಂದಿಲ್ಲ. ಗಾಳಿ, ಬೆಳಕು, ದೂರ, ಮರೆ, ಕಾಯುವುದು, ಉಳಿದಿದ್ದೆಲ್ಲ ಬೇಟೆಯದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಗರಿಯೂ ಇದೆ, ತೋಳವೂ ಇದೆ. ಆ ಕಾಯ್ದೆ ‘ಬೇಟೆ’ ಎಂದು ಕರೆಯುವುದು ಕೊಲ್ಲುವುದನ್ನು ಮಾತ್ರವಲ್ಲ. ಪ್ರಾಣಿಯನ್ನು ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಾಗಾಗಿ ಹೈಡ್ ಮುಂದೆ ಉಪ್ಪು, ಕಾಳು, ಮಾಂಸ ಯಾವುದನ್ನೂ ಹಾಕುವುದಿಲ್ಲ, ಬೈಕ್ ಮೇಲೆ ಹಿಂಡನ್ನು ತಿರುಗಿಸಿ ತರುವುದೂ ಇಲ್ಲ. ಚಿಂಚೋಳಿಯಂಥ ಅಭಯಾರಣ್ಯದ ಒಳಗೆ ಫೋಟೊ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಎರಡೂ ಹೈಡ್ ಇರುವುದು ರೈತರ ಸ್ವಂತ ಜಮೀನಿನಲ್ಲಿ, ಅವರ ಒಪ್ಪಿಗೆಯಿಂದ. ಕೇಳುವಾಗ ಸುತ್ತಿ ಬಳಸಿ ಮಾತಾಡಬೇಕಿಲ್ಲ: “ಕಾಕಾ, ನಿಮ್ಮ ಒಡ್ಡಿನ ಬಾಜು ಒಂದು ಮರೆ ಕಟ್ಕೋತೀವ್ರಿ. ಬೆಳಿ ತುಳಿಯಂಗಿಲ್ಲ, ಮಿರಗದ ಮಳಿ ಬರೂದ್ರೊಳಗ ಕಿತ್ಕೊಂಡು ಹೋಗ್ತೀವಿ.” (ಮಿರಗ ಎಂದರೆ ಮೃಗಶಿರ ಮಳೆ.) ಇಷ್ಟು ಹೇಳಿ, ಹೇಳಿದ ಹಾಗೆ ನಡೆದರೆ ಚಿಗರಿ ಬೆಳಗ್ಗೆ ಯಾವ ಹೊಲದಲ್ಲಿತ್ತು ಎಂದು ಅವರೇ ಫೋನ್ ಮಾಡಿ ತಿಳಿಸುತ್ತಾರೆ.

ನವೆಂಬರ್: ಜಾಗ ಮತ್ತು ದಿಕ್ಕು

ತೊಗರಿ ಎದೆಮಟ್ಟ ಬೆಳೆದಿರುವಾಗ ಹಿಂಡು ಕಣ್ಣಿಗೆ ಬೀಳುವುದು ಕಷ್ಟ. ಹುಡುಕಬೇಕಾದದ್ದು ಹಿಕ್ಕೆಯ ರಾಶಿ. ಗಂಡು ಚಿಗರಿ ತನ್ನ ಸರಹದ್ದಿನ ಗುರುತಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ರಾಶಿಯ ಮೇಲ್ಪದರ ಕಪ್ಪಗೆ, ಹಸಿಯಾಗಿ ಹೊಳೆಯುತ್ತಿದ್ದರೆ ಗಂಡು ಇಲ್ಲೇ ಇದೆ. ಬೂದು ಬಣ್ಣಕ್ಕೆ ತಿರುಗಿ ಬೆರಳಲ್ಲಿ ಪುಡಿಯಾದರೆ ಜಾಗ ಬಿಟ್ಟಿದೆ. ಹಸಿ ರಾಶಿಯಿಂದ 50–60 ಮೀಟರ್ ಹಿಂದೆ ಸರಿದು ಹೈಡ್ ಕಟ್ಟಬೇಕು, ಅದರ ಪಕ್ಕದಲ್ಲೇ ಅಲ್ಲ. ಪಕ್ಕದಲ್ಲೇ ಕಟ್ಟಿದರೆ ಗಂಡು ಆ ರಾಶಿಯನ್ನೇ ಬಿಟ್ಟು ಹೋಗುತ್ತದೆ.

ಹೆಚ್ಚು ತಲೆ ತಿಂದದ್ದು ದಿಕ್ಕು. ಬೆಳಗಿನ ಬಿಸಿಲು ಬೆನ್ನಿಗೆ ಬರಬೇಕೆಂದರೆ ಕಿಂಡಿ ಪಡುವಣಕ್ಕೆ ಮುಖ ಮಾಡಬೇಕು. ಆದರೆ ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಆಗ ಹೈಡ್‌ನೊಳಗಿನವರ ವಾಸನೆ ನೇರ ಹಿಂಡಿನ ಮೂಗಿಗೆ ಹೋಗುತ್ತದೆ. ಚಿಗರಿ ಹೆಚ್ಚಾಗಿ ಕಣ್ಣನ್ನು ನಂಬುವ ಪ್ರಾಣಿ, ಅಷ್ಟಿಷ್ಟು ತಡೆದುಕೊಳ್ಳುತ್ತದೆ. ತೋಳ, ನರಿ ಹಾಗಲ್ಲ, ವಾಸನೆ ಸಿಕ್ಕ ಕ್ಷಣ ತಿರುಗುತ್ತವೆ. ಕಡೆಗೆ ಹಿಡಿದ ದಾರಿ: ಚಳಿಗಾಲದಲ್ಲಿ ಕಿಂಡಿ ವಾಯವ್ಯಕ್ಕೆ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಮೂಡಣದಿಂದ ಕೊಂಚ ತೆಂಕಣಕ್ಕೆ ಸರಿದು, ಆದ್ದರಿಂದ ಬೆಳಕು ಹೆಚ್ಚುಕಡಿಮೆ ಬೆನ್ನಿಗೇ ಬರುತ್ತದೆ. ಈಶಾನ್ಯದ ಗಾಳಿ ಅಡ್ಡ ಹಾದುಹೋಗುತ್ತದೆ. ಬೇಸಿಗೆಗೆ ಗಾಳಿ ಪಡುವಣಕ್ಕೆ ತಿರುಗಿದ ಮೇಲೆ ಕಿಂಡಿಯನ್ನು ನೇರ ಪಡುವಣಕ್ಕೆ ತಿರುಗಿಸಬಹುದು. ಗಾಳಿ ನೋಡಲು ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬೆರಳಿಂದ ತಟ್ಟಿದರೆ ಸಾಕು. ಎಲೆ ಅಲ್ಲಾಡದಷ್ಟು ಮೆಲ್ಲಗಿನ ಗಾಳಿಯಲ್ಲೂ ಬೂದಿ ದಿಕ್ಕು ತೋರುತ್ತದೆ.

ಡಿಸೆಂಬರ್: ಚೌಕಟ್ಟು, ಹೊದಿಕೆ

ಅಳತೆ ಎರಡಕ್ಕೂ ಒಂದೇ: 4 ಅಡಿ ಉದ್ದ, 4 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಒಬ್ಬರು ಗಿಡ್ಡ ಮಣೆಯ ಮೇಲೆ ಕೂತು ಕಾಲು ಚಾಚುವಷ್ಟು ಜಾಗ. ಇಬ್ಬರಿಗೆ ಕಟ್ಟಬಾರದು, ಇಬ್ಬರಿದ್ದರೆ ಮಾತು ಬಂದೇ ಬರುತ್ತದೆ.

ಮಸಾರಿಯ ಹೈಡ್‌ಗೆ 25 ಮಿ.ಮೀ. ಪಿವಿಸಿ ಪೈಪು, ಎರೆ ಹೊಲದ್ದಕ್ಕೆ ಬಿದಿರು. ಬಿದಿರಿನ ಲೆಕ್ಕ: ಐದೂವರೆ ಅಡಿಯ 4 ಗಳ, ಅದರಲ್ಲಿ ಒಂದಡಿ ನೆಲದೊಳಗೆ, 4 ಅಡಿಯ 8 ಅಡ್ಡಗಳ, ನಾಲ್ಕು ತುದಿಗೆ, ನಾಲ್ಕು ನಡುವಿಗೆ. ಕೀಲು ಬಿಗಿಯಲು ಸುತಳಿ ಬೇಡ. ಇಬ್ಬನಿಯಲ್ಲಿ ನೆಂದು ಬಿಸಿಲಿಗೆ ಒಣಗುತ್ತ ವಾರದಲ್ಲೇ ಸಡಿಲಾಗುತ್ತದೆ. ಸೈಕಲ್ಲಿನ ಹಳೆ ಟ್ಯೂಬನ್ನು ಬೆರಳಗಲ ಪಟ್ಟಿ ಮಾಡಿ, ಎಳೆದು ಆರೇಳು ಸುತ್ತು ಸುತ್ತಿ, ತುದಿಯನ್ನು ಕೊನೆಯ ಸುತ್ತಿನ ಅಡಿಗೆ ತೂರಿಸಿದರೆ ಗಂಟೂ ಬೇಕಿಲ್ಲ.

ಹೊದಿಕೆಗೆ ಗೋಣಿಚೀಲ. ಪೇಟೆಯ ಮಿಲಿಟರಿ ಬಣ್ಣದ ನೈಲಾನ್ ಬಟ್ಟೆಗೆ ಎರಡು ದೋಷ: ಹಸಿರು ಹೆಚ್ಚು, ನಮ್ಮ ಹೊಲ ವರ್ಷದ ಏಳೆಂಟು ತಿಂಗಳು ಕಂದು, ಮತ್ತು ಗಾಳಿಗೆ ಪಟಪಟ ಬಡಿಯುತ್ತದೆ. ಸಾಮಾನ್ಯ ಕಾಳಿನ ಚೀಲ 44 ಅಂಗುಲ ಉದ್ದ, 26 ಅಂಗುಲ ಅಗಲ. ಬದಿ, ತಳದ ಹೊಲಿಗೆ ಬಿಚ್ಚಿ ಹರಡಿದರೆ ಸುಮಾರು 16 ಚದರಡಿ. ನಾಲ್ಕು ಗೋಡೆ, ಮೇಲ್ಛಾವಣಿ ಸೇರಿ 88 ಚದರಡಿ, ಮೇಲೆ ಮೇಲೆ ಬರುವ ಅಂಚು ಹಿಡಿದು 7 ಚೀಲ. ಹೊಲಿಯಲು ದಬ್ಬಣ.

ಕಿಂಡಿ 10 ಅಂಗುಲ ಅಗಲ, 6 ಅಂಗುಲ ಎತ್ತರ, ನೆಲದಿಂದ ಒಂದೂವರೆ ಅಡಿ ಮೇಲೆ. ಚಹಾದ ನೀರಲ್ಲಿ ಕುದಿಸಿ ಬಣ್ಣ ತಗ್ಗಿಸಿದ ಸೊಳ್ಳೆಪರದೆ ಬಟ್ಟೆ ಅದಕ್ಕೆ. ಲೆನ್ಸಿನ ಮೂತಿ ಹೊರಗೆ ಚಾಚಬಾರದು, ಅದು ತಿರುಗುವುದೇ ಮೊದಲು ಕಾಣುವುದು. ಬಹಳ ಮಂದಿ ಬಿಡುವ ಒಂದು ಸಂಗತಿಯನ್ನು ಒತ್ತಿ ಹೇಳಬೇಕು: ಹಿಂದಿನ ಗೋಡೆಯಿಂದ ಒಂದು ಗೆರೆ ಬೆಳಕೂ ಒಳಗೆ ಬರಬಾರದು. ಹಿಂದಿನಿಂದ ಬೆಳಕು ಬಂದರೆ ಕೂತವರ ತಲೆ ಕಿಂಡಿಯಲ್ಲಿ ಕಪ್ಪು ಬೊಂಬೆಯ ಹಾಗೆ ಮೂಡುತ್ತದೆ. ಹಿಂದುಗಡೆ ಮಾತ್ರ ಚೀಲ ಎರಡು ಪದರ ಇರಲಿ, ಒಳಗಿನವರ ಅಂಗಿ ಕಡುಬಣ್ಣದ್ದಿರಲಿ.

ಹೊರಗೆ ಚೌಕದ ಅಂಚು ಮರೆಸಲು ಮೊದಲು ಜೋಳದ ಕಣಕಿ ಕಟ್ಟಿದ್ದು ತಪ್ಪಾಯಿತು. ಎರಡೇ ದಿನದಲ್ಲಿ ದನಗಳು ಎರಡು ಗೋಡೆ ಮೇಯ್ದವು, ಒಂದು ಎಮ್ಮೆ ಮೈ ತಿಕ್ಕಿ ಗಳ ಅಲುಗಿಸಿತು. ಈಗಿರುವುದು ತೊಗರಿ ಕಟ್ಟಿಗೆ. ದನ ಮೂಸಿ ಬಿಡುತ್ತದೆ, ಜನವರಿಯ ರಾಶಿ ಮುಗಿದ ಮೇಲೆ ಬೇಕಾದಷ್ಟು ಸಿಗುತ್ತದೆ, ಕಟ್ಟನ್ನು ಒಡ್ಡಿಗೆ ಒರಗಿಸಿಡುವುದು ಎಲ್ಲ ಹೊಲದಲ್ಲೂ ಇರುವ ನೋಟ. ಕಟ್ಟಿಗೆಯ ಬುಡ, ಚೀಲದ ಅಂಚು ನೆಲಕ್ಕೆ ತಾಕದಂತೆ ನಾಲ್ಕು ಬೆರಳು ಎತ್ತಿ ಕಟ್ಟಬೇಕು, ಇಲ್ಲವಾದರೆ ಗೆದ್ದಲು.

ಹಿಂಡಿಗೆ ಇದನ್ನು ಒಗ್ಗಿಸಲು ಹತ್ತು ದಿನ ಬಿಟ್ಟೆವು. ಮೊದಲ ದಿನ ಬರಿ ನಾಲ್ಕು ಗಳ. ನಾಲ್ಕನೇ ದಿನ ಅಡ್ಡಗಳ, ಹಿಂದಿನ ಗೋಡೆ. ಏಳಕ್ಕೆ ಉಳಿದ ಗೋಡೆ. ಹತ್ತಕ್ಕೆ ಕಟ್ಟಿಗೆ. ಎಲ್ಲ ಕೆಲಸ ಮಟಮಟ ಮಧ್ಯಾಹ್ನ, ಹಿಂಡು ನೆರಳಿಗೆ ಸರಿದ ಹೊತ್ತಿಗೆ.

ಜನವರಿ: ದೂರದ ಲೆಕ್ಕ

ಲೆನ್ಸು 150–600 ಮಿ.ಮೀ., ಕ್ಯಾಮೆರಾದ ಸೆನ್ಸರ್ (ಚಿತ್ರ ಬೀಳುವ ಫಲಕ) ಎಪಿಎಸ್-ಸಿ ಅಳತೆಯದು, ಅಗಲ ಸುಮಾರು 23.5 ಮಿ.ಮೀ. ಚಿಗರಿಯ ಮೈಯುದ್ದ 1.2 ಮೀಟರ್ ಎಂದು ಹಿಡಿಯಿರಿ. 600 ಮಿ.ಮೀ.ಗೆ ಇಟ್ಟಾಗ 100 ಮೀಟರ್ ದೂರದ ಪ್ರಾಣಿ ಸೆನ್ಸರ್ ಮೇಲೆ 7.2 ಮಿ.ಮೀ. ಉದ್ದ ಬೀಳುತ್ತದೆ, ಚೌಕಟ್ಟಿನ ಮೂರರಲ್ಲೊಂದು ಪಾಲಿಗೂ ಕಡಿಮೆ. 60 ಮೀಟರಿಗೆ 12 ಮಿ.ಮೀ., ಅರ್ಧ. 30 ಮೀಟರಿಗೆ ಬಂದರೆ ಚೌಕಟ್ಟು ತುಂಬಿ ಕೋಡೇ ಕತ್ತರಿಸಿ ಹೋಗುತ್ತದೆ. 45ರಿಂದ 70 ಮೀಟರ್ ನಮ್ಮ ಹದ. ಇದಕ್ಕಿಂತ ದೊಡ್ಡ ಲೆನ್ಸಿಗೆ ಲಕ್ಷಗಟ್ಟಲೆ ಸುರಿಯುವ ಬದಲು ಹೈಡನ್ನು 20 ಮೀಟರ್ ಮುಂದೆ ತರುವುದು ಜಾಣತನ.

ಟ್ರೈಪಾಡ್ ಒಳಗೆ ಕಾಲಿಗೆ ಸಿಕ್ಕುತ್ತದೆ. ಹಳೆ ಜೀನ್ಸಿನ ಒಂದು ಕಾಲು ಕತ್ತರಿಸಿ, ಎರಡೂವರೆ ಕಿಲೊ ಜೋಳ ತುಂಬಿ ಎರಡೂ ಬಾಯಿ ಹೊಲಿದ ಚೀಲ ಅದಕ್ಕಿಂತ ಸ್ಥಿರ. ಮುಕ್ಕಾಲು ಮಾತ್ರ ತುಂಬಬೇಕು. ಗಿಡಿದು ತುಂಬಿದರೆ ಲೆನ್ಸು ಮೇಲೆ ಉರುಳುತ್ತದೆ, ಅರ್ಧಕ್ಕೆ ಬಿಟ್ಟರೆ ಕುಸಿಯುತ್ತದೆ. ಎರಡು ತಿಂಗಳಿಗೊಮ್ಮೆ ಜೋಳ ಬದಲಿಸದಿದ್ದರೆ ನುಸಿ ಹಿಡಿದು, ಆ ಹಿಟ್ಟು ಲೆನ್ಸಿನ ಜೂಮ್ ಸಂದಿಗೆ ಸೇರುತ್ತದೆ.

ಬೆಳಕು ಹಿಡಿಯುವುದರಲ್ಲಿ ಗಂಡು ಚಿಗರಿಯೇ ಕಠಿಣ: ಮೈ ಕಪ್ಪು, ಹೊಟ್ಟೆ, ಕಣ್ಣಿನ ಸುತ್ತ ಬಿಳಿ. ಕಪ್ಪು ಮೈ ಚೌಕಟ್ಟು ತುಂಬಿದರೆ ಕ್ಯಾಮೆರಾ ತಾನಾಗಿ ಬೆಳಕು ಏರಿಸಿ ಹೊಟ್ಟೆಯ ಬಿಳಿಯನ್ನು ಸುಟ್ಟುಬಿಡುತ್ತದೆ. ಒಣಹುಲ್ಲು ತುಂಬಿದ್ದರೆ ಇಳಿಸಿ ಮೈಯನ್ನು ಇದ್ದಿಲು ಮಾಡುತ್ತದೆ. ಹಾಗಾಗಿ ಮ್ಯಾನುಯಲ್, ಬೆಳಕಿನ ಅಳತೆ ನಮ್ಮ ಕೈಯಲ್ಲೇ. ಹೊಟ್ಟೆಯ ಬಿಳಿಯಲ್ಲಿ ಕೂದಲು ಕಾಣುವಷ್ಟಕ್ಕೆ ಬೆಳಕು ನಿಲ್ಲಿಸಿ, ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ಎತ್ತುವುದು. ನಿಂತದ್ದಕ್ಕೆ 1/500, ಓಡುವುದಕ್ಕೆ 1/2000, ಚಿಮ್ಮಿ ನೆಗೆಯುವುದಕ್ಕೆ 1/2500 ಸೆಕೆಂಡು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ನಿಂತ ಪ್ರಾಣಿಗೆ ಸರಿ. ಓಡುವುದಕ್ಕೆ ಬಳಸಿದರೆ ಕಾಲುಗಳು ವಾರೆಯಾಗುತ್ತವೆ.

ಜನವರಿಯಲ್ಲಿ ಸೂರ್ಯೋದಯ 6:50ರ ಸುಮಾರು. ಅದಕ್ಕೆ ಒಂದು ತಾಸು ಮೊದಲು ಒಳಗಿರಬೇಕು. ಇಬ್ಬರು ಹೋಗಿ, ಒಬ್ಬರು ಮಾತಾಡುತ್ತ ವಾಪಸು ಬರುವುದು ಒಳ್ಳೆಯದು, ದೂರದಿಂದ ನೋಡುತ್ತಿದ್ದ ಹಿಂಡಿಗೆ ಮನುಷ್ಯ ಹೋದ ಎನ್ನುವುದು ಕಾಣುತ್ತದೆ. ಒಳಗೆ ಕಾಲಿಡುವ ಮುನ್ನ ಕೋಲಿನಿಂದ ನಾಲ್ಕು ಮೂಲೆ, ಮಣೆಯ ಅಡಿ ತಡವಲೇಬೇಕು. ನೆರಳು, ಇಲಿ ಎರಡೂ ಇರುವಲ್ಲಿ ಕೊಳಕುಮಂಡಲ ಬರುತ್ತದೆ. ಕಣಕಾಲು ಮುಚ್ಚುವ ಬೂಟು, ಬ್ಯಾಟರಿ, 3 ಲೀಟರ್ ನೀರು.

ಹೈಡ್ ಇಲ್ಲದೆ ಹತ್ತಿರ ಹೋಗಬೇಕಾದರೆ ಎತ್ತಿನ ಬಂಡಿಗೆ ಸಮನಾದದ್ದಿಲ್ಲ. ಹಿಂದಿನ ಕಾಲದಲ್ಲಿ ಅರಸರು, ನವಾಬರು ಪಳಗಿಸಿದ ಚೀತಾಗಳಿಗೆ ಕಣ್ಣುಪಟ್ಟಿ ಕಟ್ಟಿ ಚಿಗರಿ ಹಿಂಡಿನ ಬಳಿಗೆ ಒಯ್ಯುತ್ತಿದ್ದದ್ದೂ ಬಂಡಿಯಲ್ಲೇ, ಹಿಂಡು ಬಂಡಿಗೆ ಬೆದರುವುದಿಲ್ಲ ಎಂದು. ಚೀತಾ ಭಾರತದಲ್ಲಿ ನಶಿಸಿತು ಎಂದು 1952ರಲ್ಲಿ ಘೋಷಣೆಯಾಯಿತು. ಬಂಡಿಯ ಮೇಲಿನ ಆ ನಂಬಿಕೆ ಚಿಗರಿಗೆ ಇಂದಿಗೂ ಇದೆ. ಬಂಡಿಯನ್ನು ಹಿಂಡಿನತ್ತ ನೇರ ಹೊಡೆಯದೆ, ದಾಟಿ ಹೋಗುವವರ ಹಾಗೆ ಓರೆಯಾಗಿ ಸಾಗಬೇಕು. ಒಂದೆರಡು ಹೆಣ್ಣು ತಲೆ ಎತ್ತಿದರೆ ನಿಂತು ಕಾಯಬೇಕು. ಎಲ್ಲ ತಲೆಗಳೂ ಎದ್ದು ಒಂದು ಚಿಮ್ಮಿತೋ, ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಬೀಳಬಾರದು. ಬಿಸಿಲಲ್ಲಿ ಓಡಿಸಿದ ಚಿಗರಿಗೆ ಸ್ನಾಯು ಕೆಟ್ಟು, ಆಗಲ್ಲದಿದ್ದರೂ ಮುಂದೆ ಕೆಲವು ದಿನಗಳಲ್ಲಿ ಸಾವು ಬರಬಹುದು. ಆ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸೆಂಬರ್, ಜನವರಿ ತೋಳ ಮರಿ ಹಾಕುವ ಕಾಲ. ಒಡ್ಡಿನಲ್ಲಿ, ಹಳ್ಳದ ದಂಡೆಯಲ್ಲಿ ಗವಿ ಕಂಡರೆ ಆ ಕಡೆಯ ಕೆಲಸವನ್ನೇ ನಿಲ್ಲಿಸುತ್ತೇವೆ.

ಮಾರ್ಚ್: ಕೆಟ್ಟದ್ದು

ಪಿವಿಸಿ ಚೌಕಟ್ಟು ಬಾಗಿತು. ಮಧ್ಯಾಹ್ನದ ಬಿಸಿಲಿಗೆ ಪೈಪು ಮೆತ್ತಗಾಗಿ, ಚೀಲದ ನಾಲ್ಕೈದು ಕಿಲೊ ಭಾರಕ್ಕೆ ಮೇಲಿನ ಅಡ್ಡಪೈಪುಗಳು ನಡುವೆ ಜೋತುಬಿದ್ದವು, ರಾತ್ರಿ ತಣ್ಣಗಾದಾಗ ಅದೇ ಆಕಾರದಲ್ಲಿ ಗಟ್ಟಿಯಾದವು. ಈಗ ಅಲ್ಲೂ ಬಿದಿರು.

ಗೂಟದ ತೊಂದರೆ ಎರಡೂ ನೆಲದಲ್ಲಿ ಬೇರೆ ಬೇರೆ. ಎರೆ ಒಣಗಿ ಬಿರುಕು ಬಿಟ್ಟಾಗ ಅಂಗೈಯುದ್ದದ ಮೊಳೆ ನಿಲ್ಲುವುದಿಲ್ಲ. ಒಂದೂವರೆ ಅಡಿಯ ಕಬ್ಬಿಣದ ಸಲಾಕೆಯನ್ನು ಹೈಡ್‌ನಿಂದ ಹೊರಕ್ಕೆ ಓರೆಯಾಗಿ, ಎರಡು ಬಿರುಕಿನ ನಡುವಿನ ಗಟ್ಟಿ ಹೆಂಟೆಗೆ ಹೊಡೆಯಬೇಕು. ಮಸಾರಿಯಲ್ಲಿ ಒಂದು ಗೇಣಿನ ಕೆಳಗೆ ಜಂಬಿಟ್ಟಿಗೆ, ಸಲಾಕೆ ಇಳಿಯುವುದೇ ಇಲ್ಲ. ಅಲ್ಲಿ ಮೂಲೆಗೊಂದು ಮಣ್ಣು ತುಂಬಿದ ಚೀಲ.

ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಎರಡು ಇವೆ, ಹಿಂಡು ಯಾವ ಹೊತ್ತಿಗೆ ದಾಟುತ್ತದೆ ಎಂದು ತಿಳಿಯಲು. ಜಾಲಿ ಮರಕ್ಕೆ ಒಂದೂವರೆ ಅಡಿ ಎತ್ತರದಲ್ಲಿ, ದಾರಿಯಿಂದ 3–4 ಮೀಟರ್ ಸರಿದು, ದಾರಿಗೆ ಓರೆಯಾಗಿ, ಬಡಗಣಕ್ಕೆ ಮುಖ ಮಾಡಿ ಕಟ್ಟಿದೆ. ಅದರ ಸೆನ್ಸರ್ ಗುರುತಿಸುವುದು ಹಿನ್ನೆಲೆಗೂ ಪ್ರಾಣಿಯ ಮೈಗೂ ಇರುವ ಬಿಸಿಯ ವ್ಯತ್ಯಾಸವನ್ನು. ಮಾರ್ಚ್ ಹಗಲಿನಲ್ಲಿ ನೆಲವೂ ಮೈಯೂ ಒಂದೇ ಬಿಸಿಗೆ ಬಂದಾಗ ಚಿಗರಿ ಮುಂದೆಯೇ ಹಾದರೂ ಚಿತ್ರ ಬೀಳುವುದಿಲ್ಲ, ಕಾದ ಹುಲ್ಲು ಗಾಳಿಗೆ ತೂಗಿದರೆ ನೂರಾರು ಖಾಲಿ ಚಿತ್ರ ಬೀಳುತ್ತವೆ. ಮುಂದಿನ 2 ಮೀಟರ್ ಹುಲ್ಲು ಕೊಯ್ದು, ಹಗಲಿನ ಲೆಕ್ಕವನ್ನು ನಂಬದೆ, ಬೆಳಗು ಸಂಜೆಯದನ್ನಷ್ಟೇ ಬರೆದುಕೊಳ್ಳುತ್ತಿದ್ದೇವೆ.

ಏಪ್ರಿಲ್: ಈಗಿನ ಸ್ಥಿತಿ

ಬೆಳೆ ತೆಗೆದ ಹೊಲ ಬಯಲಾಗಿದೆ, ಗಾಳಿ ಪಡುವಣದ್ದು, ದಿಕ್ಕು ಎಲ್ಲ ರೀತಿಯಿಂದ ಅನುಕೂಲ. ಅಡ್ಡಿ ಒಂದೇ, ಬಿಸಿಗಾಳಿಯ ತೆರೆ. ಏಪ್ರಿಲ್ ನಡುವೆ ಸೂರ್ಯೋದಯ 6:10ರ ಸುಮಾರಿಗೆ. ಎರೆ ನೆಲ 8 ಗಂಟೆಗೆಲ್ಲ ಕಾದು, 60 ಮೀಟರ್ ಆಚೆಯ ಚಿಗರಿಯ ಕಾಲು ನೀರಿನಲ್ಲಿ ನಿಂತಂತೆ ಅಲೆಯಾಡುತ್ತದೆ. ಯಾವ ಲೆನ್ಸೂ ಇದನ್ನು ತಿದ್ದದು, ಫೋಕಸ್ ತಪ್ಪಿದೆ ಎಂದು ಕ್ಯಾಮೆರಾ ಬೈದು ಫಲವಿಲ್ಲ. ತೆರೆ ನೆಲಕ್ಕೆ ಹತ್ತಿರವಿದ್ದಷ್ಟೂ ದಟ್ಟ. ಅದಕ್ಕೆ ಎರೆ ಹೊಲದ ಹೈಡ್‌ನಲ್ಲಿ ಕಿಂಡಿಯನ್ನು ಒಂದೂವರೆ ಅಡಿಯಿಂದ ಎರಡೂವರೆ ಅಡಿಗೆ ಏರಿಸಿದೆವು. ನೆಲಮಟ್ಟದ ನೋಟದ ಚೆಲುವು ಕಡಿಮೆಯಾಯಿತು, ಸ್ಪಷ್ಟ ಚಿತ್ರ ಸಿಗುವ ಹೊತ್ತು ಇಪ್ಪತ್ತು ನಿಮಿಷ ಹೆಚ್ಚಿತು. ಮಸಾರಿ ದಿಬ್ಬದ ಮೇಲೆ ಗಾಳಿ ಆಡುವುದರಿಂದ ಅಲ್ಲಿ ಒಂದೂವರೆಯೇ ಇದೆ.

ಮುಂದಿನ ಕೆಲಸ: ಮೇ ತಿಂಗಳಲ್ಲಿ ಸಂಜೆಯ ಬೆಳಕಿಗೆ ಮಸಾರಿ ಹೈಡ್‌ನ ಮೂಡಣದ ಗೋಡೆಗೂ ಒಂದು ಕಿಂಡಿ ತೆಗೆದು, ಬೇಡದ ಹೊತ್ತಿಗೆ ಎರಡು ಪದರ ಚೀಲದಿಂದ ಮುಚ್ಚುವ ಏರ್ಪಾಡು. ರೋಹಿಣಿ ಮಳೆಯ ಬಿರುಗಾಳಿಗೆ ಮುನ್ನ ಮೇಲ್ಛಾವಣಿ ಬಿಚ್ಚುವುದು. ಮಿರಗ ಕೂಡುವ ಮೊದಲು ಎರೆ ಹೊಲದ ಗಳ, ಸಲಾಕೆ, ಚೀಲ ಎಲ್ಲ ಕಿತ್ತು, ಕುಣಿ ಮುಚ್ಚಿ, ಬಿತ್ತುವುದಕ್ಕೆ ಹೊಲ ಬಿಟ್ಟುಕೊಡುವುದು.