ಎಲ್ಲಾ ಲಿಫ್ಟ್‌ನಲ್ಲೂ ಅದೇ 4 ಸಿಎಫ್‌ಎಂ

ಹೆಡ್ ಪೋರ್ಟಿಂಗ್, ಅಂದರೆ ಎಂಜಿನ್ ಹೆಡ್ಡಿನೊಳಗಿನ ಗಾಳಿದಾರಿ (ಪೋರ್ಟ್) ಕೆರೆದು ದೊಡ್ಡದು ಮಾಡುವ ಕೆಲಸ, ಮಾಡಿಸಿಕೊಂಡು ಹೋಗಿದ್ದ ಗಿರಾಕಿ ವಾರಕ್ಕೆ ಫೋನ್ ಮಾಡಿದ್ದರು. "ಸರ್, ಕಮ್ಮಿ ಆರ್‌ಪಿಎಂನಲ್ಲಿ ಪಿಕಪ್ ಹೋಗಿದೆ." ಫ್ಲೋ ಬೆಂಚ್‌ನಲ್ಲಿ (ಹೆಡ್ಡಿನೊಳಗೆ ಎಷ್ಟು ಗಾಳಿ ಹೋಗುತ್ತೆ ಅಂತ ಅಳೆಯುವ ಸಾಮಾನು) ಫ್ಲೋ ಜಾಸ್ತಿ ಬಂದಿದೆ, ಜೆಟ್ಟಿಂಗ್ (ಕಾರ್ಬ್ಯುರೇಟರ್ ಜೆಟ್ ಬದಲಿಸಿ ಪೆಟ್ರೋಲ್ ಹೊಂದಿಸುವುದು) ಮಾಡಿಸಿ, ಸರಿಹೋಗುತ್ತೆ ಅಂದೆ. ಅವರು ದುಡ್ಡು ಕೊಟ್ಟು ಮಾಡಿಸಿದರು. ಸರಿಹೋಗಲಿಲ್ಲ. ಮತ್ತೆ ಹತ್ತು ದಿನಕ್ಕೆ ನಾನು ಕೊಟ್ಟಿದ್ದ ಶೀಟ್ ಹಿಡಿದುಕೊಂಡು ಬಂದು ನಿಂತರು.

ಶೀಟನ್ನು ಅವರೆದುರೇ ಇನ್ನೊಮ್ಮೆ ಓದಿದೆ. 2 ಎಂಎಂ ಲಿಫ್ಟ್‌ನಲ್ಲಿ, ಅಂದರೆ ವಾಲ್ವ್ ಅಷ್ಟು ತೆರೆದಾಗ, 31 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಲೆಕ್ಕ) ಇದ್ದದ್ದು 35. 5 ಎಂಎಂನಲ್ಲಿ 70 ಇದ್ದದ್ದು 74. 8 ಎಂಎಂನಲ್ಲಿ 98 ಇದ್ದದ್ದು 102. ಹೊಟ್ಟೆಯಲ್ಲಿ ಒಂಥರಾ ಆಯಿತು. ಎಲ್ಲಾ ಕಡೆ ಸರಿಯಾಗಿ ನಾಲ್ಕೇ ನಾಲ್ಕು ಜಾಸ್ತಿ. ಪೋರ್ಟ್ ಕೆಲಸ ಹಾಗೆ ಮಾತಾಡಲ್ಲ. ಲಿಫ್ಟ್ ಕಮ್ಮಿ ಇರುವಾಗ ಗಾಳಿಯನ್ನು ತಡೆಯುವುದು ವಾಲ್ವ್ ಕೂರುವ ಸೀಟು. ನಾನು ಸೀಟು ಮುಟ್ಟಿಯೇ ಇರಲಿಲ್ಲ, ಒಳಗೆ ಪೋರ್ಟ್ ದೊಡ್ಡದು ಮಾಡಿದ್ದೆ ಅಷ್ಟೇ. ಆದರೆ 2 ಎಂಎಂನಲ್ಲಿ 13 ಪರ್ಸೆಂಟ್ ಅಂತ ಕಂಡಾಗ ಖುಷಿಯಲ್ಲಿ ಅದಕ್ಕೇ ಸುತ್ತು ಹಾಕಿ ಕೊಟ್ಟಿದ್ದೆ.

ನಮ್ಮ ಬೆಂಚ್ ನಾವೇ ಕಟ್ಟಿದ್ದು. ಪ್ಲೈವುಡ್ ಪೆಟ್ಟಿಗೆ, ಮೂರು ವ್ಯಾಕ್ಯೂಮ್ ಕ್ಲೀನರ್ ಮೋಟರ್, ಗಾಳಿ ಹಾಯಲು ಅಳತೆಯ ತೂತಿರುವ ಆರಿಫಿಸ್ ಪ್ಲೇಟ್, ಫ್ಲೋ ತೋರಿಸುವ ಬಣ್ಣದ ನೀರಿನ ಓರೆ ಟ್ಯೂಬ್. ಕಟ್ಟಿದ ದಿನ ಲೀಕ್ ನೋಡಿದ್ದೆ, ಸೊನ್ನೆ ಇತ್ತು. ಆಮೇಲೆ ನೋಡಿಲ್ಲ.

ಅವರನ್ನು ಕೂರಿಸಿ, ಹೆಡ್ ಕೂರುವ ಅಡಾಪ್ಟರ್ ಮೇಲೆ ತೂತಿಲ್ಲದ ಡಮ್ಮಿ ಪ್ಲೇಟ್ ಬಿಗಿದೆ. ಮೋಟರ್ ಹಾಕಿ ಎಳೆತವನ್ನು ನಿಧಾನಕ್ಕೆ 28 ಇಂಚು ನೀರಿನ ಒತ್ತಡಕ್ಕೆ ಏರಿಸಿದೆ. ಗಾಳಿ ಒಳಗೆ ಬರಲು ದಾರಿಯೇ ಇಲ್ಲ ಅಂದಮೇಲೆ ಓರೆ ಟ್ಯೂಬ್‌ನ ನೀರು ಅಲ್ಲಾಡಬಾರದು. 10 ಇಂಚಿನಲ್ಲಿ ಒಂಚೂರು ಜರುಗಿತು. ಕಣ್ಣಿನ ಭ್ರಮೆ ಇರಬೇಕು ಅಂದುಕೊಂಡೆ. 20 ದಾಟಿದಾಗ ಚೆನ್ನಾಗಿಯೇ ಮೇಲೆ ಹೋಗಿತ್ತು. 28ಕ್ಕೆ ಬಂದು ನಿಂತಾಗ ಲೆಕ್ಕ ಹಾಕಿದೆ, 4 ಸಿಎಫ್‌ಎಂ. ಮೋಟರ್ ಸದ್ದಿನಲ್ಲಿ ಯಾರೂ ಮಾತಾಡಲಿಲ್ಲ. ಅವರೂ ಟ್ಯೂಬನ್ನೇ ನೋಡುತ್ತಿದ್ದರು.

ಗಣಪತಿ ಫೋಟೋ ಮುಂದಿದ್ದ ಊದುಬತ್ತಿ ತಂದು ಪೆಟ್ಟಿಗೆಯ ಒಂದೊಂದೇ ಜಾಯಿಂಟ್ ಹತ್ತಿರ ಹಿಡಿದೆ. ಅಡಾಪ್ಟರ್ ಪ್ಯಾಕಿಂಗ್ ಸರಿಯಿತ್ತು. ಬಾಗಿಲು ಸರಿಯಿತ್ತು. ಹಿಂದಿನ ಕೆಳಮೂಲೆಗೆ ಬಂದಾಗ ಹೊಗೆ ತಟ್ಟನೆ ಬಾಗಿ ಒಳಗೆ ಹೋಯಿತು. ಒಂದು ಗೇಣು ಉದ್ದಕ್ಕೆ ಸಿಲಿಕಾನ್ ಬಿಟ್ಟುಕೊಂಡಿತ್ತು, ಕೂದಲೆಳೆಯಷ್ಟು ಸಂದು. ಅದು ಆರಿಫಿಸ್‌ಗೆ ಮುಂಚಿನ ಕೋಣೆ, ಅಲ್ಲಿ ನುಗ್ಗಿದ ಗಾಳಿಯೂ ಹೆಡ್ಡಿನ ಗಾಳಿಯ ಜೊತೆ ಅಳತೆಗೆ ಸೇರುತ್ತಿತ್ತು. ಮೋಟರ್ ಕಡೆಯ ಕೋಣೆಯಾಗಿದ್ದರೆ ರೀಡಿಂಗ್ ಕೆಡುತ್ತಿರಲಿಲ್ಲ, ಮೋಟರ್‌ಗೆ ಜಾಸ್ತಿ ಕೆಲಸವಾಗುತ್ತಿತ್ತು ಅಷ್ಟೇ.

ಯಾವಾಗ ಬಿಟ್ಟಿತು ಅನ್ನುವುದೂ ಗೊತ್ತಾಯಿತು. ಆ ಹೆಡ್ಡಿನ ಮೊದಲ ರೀಡಿಂಗ್ ಆದಮೇಲೆ, ಪೋರ್ಟ್ ಕೆಲಸ ನಡೆಯುವಾಗ, ವಾಟರ್ ಸರ್ವಿಸ್‌ಗೆ ಜಾಗ ಬೇಕು ಅಂತ ಓನರ್ ಬೆಂಚನ್ನು ಒಂದು ಮೂಲೆಗೆ ತಳ್ಳಿಸಿದ್ದರು. ಹುಡುಗರು ಎತ್ತಲಿಲ್ಲ, ಎಳೆದರು. ಅಳತೆಯ ಸಾಮಾನನ್ನು ಬೀರು ಎಳೆದ ಹಾಗೆ ಎಳೆಯಬಾರದು ಅಂತ ಅವತ್ತೇ ನಾನು ಹೇಳಬೇಕಿತ್ತು. ಎಳೆದಮೇಲಾದರೂ ಡಮ್ಮಿ ಪ್ಲೇಟ್ ಹಾಕಿ ನೋಡಬೇಕಿತ್ತು. ಐದು ನಿಮಿಷದ ಕೆಲಸ.

ಸಿಲಿಕಾನ್ ಕೆರೆದು ಹೊಸದು ಹಾಕಿ ಒಂದು ದಿನ ಒಣಗಲು ಬಿಟ್ಟೆ. ಮಾರನೇ ದಿನ 28 ಇಂಚಿನಲ್ಲಿ ನೀರು ಅಲ್ಲಾಡಲಿಲ್ಲ. ಅವರ ಹೆಡ್ ಬಿಚ್ಚಿ ಬೆಂಚ್ ಮೇಲೆ ಮತ್ತೆ ಕೂರಿಸಿದೆ. 31, 70, 98. ನನ್ನ ಕೆಲಸದಿಂದ ಏನೂ ಬಂದಿರಲಿಲ್ಲ. ಪೋರ್ಟ್ ದೊಡ್ಡದಾಗಿತ್ತು, ಹೋಗುವ ಗಾಳಿ ಅಷ್ಟೇ ಇತ್ತು, ಹಾಗಾಗಿ ಅದರ ವೇಗ ಇಳಿದಿತ್ತು. ಅವರು ಹೇಳಿದ ಪಿಕಪ್ ಅಲ್ಲೇ ಹೋಗಿತ್ತು.

ಈಗ ಪ್ರತಿ ಹೆಡ್ಡಿಗೂ ಮೊದಲು, ಆಮೇಲೆ, ಎರಡು ಸಲ ಲೀಕ್ ನೋಡಿ ಶೀಟಿನ ಮೇಲೇ ಬರೆಯುತ್ತೇನೆ. ಅವರಿಗೆ ಲೇಬರ್ ದುಡ್ಡು ವಾಪಸ್ ಕೊಟ್ಟು, ಹೊಸ ಶೀಟ್ ತೋರಿಸಿದೆ. ಅವರು ಅದನ್ನು ನಿಧಾನಕ್ಕೆ ಓದಿ, "ಹಾಗಾದ್ರೆ ಜೆಟ್ಟಿಂಗ್ ಯಾಕೆ ಮಾಡಿಸೋಕೆ ಹೇಳಿದ್ರಿ ಸರ್?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.